ನೀಲಿ-ಬಿಳಿ ಚೀನೀ ಪಿಂಗಾಣಿ: ಹಳತೋ ನಕಲೋ ಎಂದು ಪರಿಶೀಲಿಸುವ ಬಗೆ

ಚೀನಾದ ನೀಲಿ-ಬಿಳಿ ಪಿಂಗಾಣಿಯ ಬಟ್ಟಲೋ ಹೂದಾನಿಯೋ ಕೈಗೆ ಬಂದಾಗ ಹೆಚ್ಚಿನವರು ಅದನ್ನು ಮಗುಚಿ, ಬುಡದಲ್ಲಿರುವ ಚೀನೀ ಅಕ್ಷರಗಳ ಚಿತ್ರ ತೆಗೆದು, ಅವು ಯಾವ ಚಕ್ರವರ್ತಿಯ ಹೆಸರು ಹೇಳುತ್ತವೆ ಎಂದು ಹುಡುಕತೊಡಗುತ್ತಾರೆ. ಮಗುಚುವುದು ಸರಿಯಾದ ಕೆಲಸ. ಅಕ್ಷರಗಳಿಂದ ಆರಂಭಿಸುವುದು ತಪ್ಪು. ಇಡೀ ಪಾತ್ರೆಯಲ್ಲಿ ಅತ್ಯಂತ ಸುಲಭವಾಗಿ ನಕಲು ಮಾಡಬಹುದಾದ ಭಾಗವೆಂದರೆ ಆ ನಾಲ್ಕೋ ಆರೋ ಅಕ್ಷರಗಳೇ. ಪಾದದ ಅಂಚಿನ ಮಣ್ಣು, ಪಾತ್ರೆಯನ್ನು ಕಟ್ಟಿದ ವಿಧಾನ, ಗಾಜಿನ ಲೇಪ, ನೀಲಿ ಬಣ್ಣ ಕೂತಿರುವ ರೀತಿ, ಬಳಕೆಯಿಂದಾದ ಸವೆತ ಇವುಗಳನ್ನು ಮೊದಲು ನೋಡಿ, ಮುದ್ರೆಯನ್ನು ಕೊನೆಗೆ ಓದುವುದು ವಾಡಿಕೆಯಲ್ಲಿ ಪಳಗಿದವರ ಕ್ರಮ. ಇಲ್ಲಿಯೂ ಅದೇ ಕ್ರಮವನ್ನು ಅನುಸರಿಸಲಾಗಿದೆ.

ಪರಿಶೀಲನೆಯ ಹಿಂದಿರುವ ತರ್ಕವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಪಾತ್ರೆ ಇಂಥ ಕಾಲದ್ದಲ್ಲ ಎಂದು ತೀರ್ಮಾನಿಸಲು ಒಂದೇ ಒಂದು ಗಟ್ಟಿಯಾದ ವಿರೋಧಾಭಾಸ ಸಾಕಾಗುತ್ತದೆ. ಆದರೆ ಅದು ಆ ಕಾಲದ್ದೇ ಎಂದು ಹೇಳಲು ಎಲ್ಲ ಲಕ್ಷಣಗಳೂ ಒಂದಕ್ಕೊಂದು ಹೊಂದಬೇಕು, ಹೊಂದಿದರೂ ಸಣ್ಣದೊಂದು ಅನುಮಾನ ಉಳಿದೇ ಇರುತ್ತದೆ. ಆದುದರಿಂದ ‘ಇದು ಅಸಲಿ ಎನ್ನಲು ಏನೇನಿದೆ’ ಎಂದು ಹುಡುಕುವ ಬದಲು ‘ಇದು ಅಸಲಿ ಅಲ್ಲವೆನ್ನಲು ಏನಿದೆ’ ಎಂದು ಹುಡುಕುವವನು ಕಡಿಮೆ ಮೋಸಹೋಗುತ್ತಾನೆ. ಕೊಳ್ಳುವ ಆಸೆ ಮನಸ್ಸಿನಲ್ಲಿ ಬೇರೂರಿದ ಮೇಲೆ ಈ ಕ್ರಮವನ್ನು ಪಾಲಿಸುವುದು ಕಷ್ಟ. ವ್ಯಾಪಾರಿಗಳಿಗೆ ಅದು ಚೆನ್ನಾಗಿ ಗೊತ್ತು.

ಇಲ್ಲಿ ಹೇಳುವುದೆಲ್ಲ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಜಿಂಗ್‌ದೆಝೆನ್ ಪಟ್ಟಣದಲ್ಲಿ ತಯಾರಾದ ನೀಲಿ-ಬಿಳಿ ಪಿಂಗಾಣಿಗೆ ಸಂಬಂಧಿಸಿದ್ದು. ಕಂಚು, ಜೇಡ್, ಮರದ ಪೀಠೋಪಕರಣ ಇವುಗಳಿಗೆ ಬೇರೆಯೇ ಲಕ್ಷಣಶಾಸ್ತ್ರವಿದೆ. ನಮ್ಮ ಕರಾವಳಿಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುವ ದಪ್ಪ ಭರಣಿಗಳೂ ಈ ವರ್ಗಕ್ಕೆ ಸೇರಿದವಲ್ಲ.

ಕಾಲದ ಚೌಕಟ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದೆ ಹೋಗುವಂತಿಲ್ಲ. ಬಿಳಿ ಮೈಯ ಮೇಲೆ ಕೋಬಾಲ್ಟ್ ನೀಲಿಯಿಂದ ಚಿತ್ರ ಬರೆದು, ಅದರ ಮೇಲೆ ಪಾರದರ್ಶಕ ಲೇಪ ಕೊಟ್ಟು, ಸುಮಾರು 1300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದೇ ಸಲ ಸುಡುವ ಈ ಕಲೆ ಯುವಾನ್ ವಂಶದ ಆಳ್ವಿಕೆಯಲ್ಲಿ, 14ನೆಯ ಶತಮಾನದಲ್ಲಿ, ಪಕ್ವವಾಯಿತು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ‘ಡೇವಿಡ್ ಹೂದಾನಿಗಳು’ ಎಂದು ಹೆಸರಾದ ಜೋಡಿಯ ಕತ್ತಿನ ಮೇಲೆ 1351ನೆಯ ಇಸವಿಗೆ ಸರಿಹೊಂದುವ ದಾನಬರಹವೇ ಇರುವುದರಿಂದ ಯುವಾನ್ ಕಾಲದ ಉಳಿದ ಪಾತ್ರೆಗಳನ್ನು ಅವುಗಳೊಡನೆ ಹೋಲಿಸಿ ನೋಡುತ್ತಾರೆ. ಆಮೇಲೆ ಬಂದ ಮಿಂಗ್ ವಂಶದಲ್ಲಿ ಯೋಂಗ್‌ಲೆ (1403–24), ಶ್ವಾಂದೆ (1426–35), ಚೆಂಗ್‌ಹ್ವಾ (1465–87), ಜಿಯಾಜಿಂಗ್ (1522–66), ವಾನ್‌ಲಿ (1573–1620) ಇವರ ಕಾಲಗಳೂ, ಚಿಂಗ್ ವಂಶದಲ್ಲಿ ಕಾಂಗ್‌ಶಿ (1662–1722), ಯೋಂಗ್‌ಜೆಂಗ್ (1723–35), ಚಿಯೆನ್‌ಲಾಂಗ್ (1736–95), ಗ್ವಾಂಗ್‌ಶು (1875–1908) ಇವರ ಕಾಲಗಳೂ ಮತ್ತೆ ಮತ್ತೆ ಎದುರಾಗುತ್ತವೆ.

ನಕಲು ಎಂಬುದು ಇತ್ತೀಚಿನ ರೋಗವೆಂದು ತಿಳಿಯಬಾರದು. ಜಿಂಗ್‌ದೆಝೆನ್‌ನಲ್ಲಿದ್ದ ಫ್ರೆಂಚ್ ಜೆಸ್ಯುಟ್ ಪಾದ್ರಿ ದಾಂತ್ರೆಕೋಲ್ 1712ರಲ್ಲಿ ಬರೆದ ಪತ್ರದಲ್ಲಿ, ಹೊಸ ಪಾತ್ರೆಯನ್ನು ಕೋಳಿ ಮತ್ತಿತರ ಮಾಂಸದ ಜಿಡ್ಡಿನ ಸಾರಿನಲ್ಲಿ ಬೇಯಿಸಿ, ಬಳಿಕ ಅತಿ ಕೊಳಕಾದ ಚರಂಡಿಯಲ್ಲಿ ತಿಂಗಳಿಗೂ ಹೆಚ್ಚು ಕಾಲ ಹುಗಿದಿಟ್ಟು, ಮೂರು-ನಾಲ್ಕು ನೂರು ವರ್ಷ ಹಳೆಯದೆಂದು ಸಾಗಹಾಕುತ್ತಿದ್ದ ಪದ್ಧತಿಯನ್ನು ವಿವರಿಸಿದ್ದಾನೆ. ಇದರ ಜೊತೆಗೆ ಮೋಸದ ಉದ್ದೇಶವೇ ಇಲ್ಲದ ಅನುಕರಣೆಯೂ ಇದೆ. ಯೋಂಗ್‌ಜೆಂಗ್ ಚಕ್ರವರ್ತಿಯ ಕಾಲದಲ್ಲಿ, 1728ರಲ್ಲಿ ಅರಮನೆಯ ಆವಿಗೆಗಳ ಮೇಲ್ವಿಚಾರಣೆಗೆಂದು ಬಂದ ಟಾಂಗ್ ಯಿಂಗ್‌ನಂಥ ನಿಪುಣನ ಕೈಕೆಳಗೆ, ಮುನ್ನೂರು ವರ್ಷ ಹಿಂದಿನ ಶ್ವಾಂದೆ ಪಾತ್ರೆಗಳನ್ನು ಗೌರವದಿಂದಲೇ ಮರುಸೃಷ್ಟಿಸಲಾಯಿತು. ಅಂಥ ‘ನಕಲು’ ಇಂದು ಸಿಕ್ಕಿದರೆ ಅದೇ ಒಂದು ದೊಡ್ಡ ನಿಧಿ. ಹೀಗಾಗಿ ಕೇಳಬೇಕಾದ ಪ್ರಶ್ನೆ ‘ಅಸಲಿಯೋ ನಕಲೋ’ ಎಂಬುದಕ್ಕಿಂತ ‘ಯಾವ ಕಾಲದಲ್ಲಿ ಮಾಡಿದ್ದು’ ಎಂಬುದು.

ಹಿಡಿಯುವ ಮುನ್ನ

ಕೈಬೆರಳಿನ ಉಂಗುರ, ಕೈಗಡಿಯಾರ, ಬಳೆ ತೆಗೆದಿಡಿ. ಮೇಜಿನ ಮೇಲೆ ದಪ್ಪ ಬಟ್ಟೆ ಹಾಸಿ. ಹೂದಾನಿಯನ್ನು ಕತ್ತಿನಿಂದಾಗಲಿ ಹಿಡಿಯಿಂದಾಗಲಿ ಎತ್ತದೆ, ಒಂದು ಕೈಯನ್ನು ಬುಡಕ್ಕೂ ಇನ್ನೊಂದನ್ನು ಮೈಗೂ ಕೊಟ್ಟು ಎತ್ತಬೇಕು. ಹಳೆಯ ರಿಪೇರಿಗಳು ಬಿಟ್ಟುಕೊಳ್ಳುವುದು ಸಾಮಾನ್ಯವಾಗಿ ಕತ್ತಿನಲ್ಲಿಯೇ. ಬೇಕಾಗುವ ಸಲಕರಣೆಗಳು ಹೆಚ್ಚಿಲ್ಲ: ಆಭರಣದ ಅಂಗಡಿಯವರು ಕಣ್ಣಿಗೆ ಹಿಡಿಯುವಂಥ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮಸೂರ, ಒಂದು ಚಿಕ್ಕ ಟಾರ್ಚು, ಸಾಧ್ಯವಾದರೆ ನೋಟು ಪರೀಕ್ಷಿಸುವ ಅತಿನೇರಳೆ ದೀಪ. ಪಾತ್ರೆಯನ್ನು ಪರಿಶೀಲನೆಗೆ ಮೊದಲು ತೊಳೆಯಬಾರದು; ಅದರ ಮೇಲಿನ ಕೊಳೆಯೂ ಸಾಕ್ಷ್ಯವೇ.

ಬುಡದಿಂದ ಆರಂಭ

ಪಾತ್ರೆಯನ್ನು ಬಟ್ಟೆಯ ಮೇಲೆ ಮಲಗಿಸಿ, ಅದು ನಿಲ್ಲುವ ಉಂಗುರಾಕಾರದ ಪಾದದ ಅಂಚನ್ನು ನೋಡಿ. ಸುಡುವಾಗ ಆವಿಗೆಯ ತಳಕ್ಕೆ ಅಂಟಿಕೊಳ್ಳಬಾರದೆಂದು ಆ ಅಂಚಿನಲ್ಲಿ ಲೇಪವನ್ನು ಒರೆಸಿರುತ್ತಾರೆ. ಹಾಗಾಗಿ ಪಾತ್ರೆಯ ಮೈಮಣ್ಣು ಬತ್ತಲೆಯಾಗಿ ಕಾಣುವ ಏಕೈಕ ಜಾಗ ಅನೇಕ ಸಲ ಇದೇ ಆಗಿರುತ್ತದೆ. ಜಿಂಗ್‌ದೆಝೆನ್‌ನ ಪಿಂಗಾಣಿ ಒಂದು ಬಗೆಯ ಬಿಳಿಕಲ್ಲಿನ ಪುಡಿ ಮತ್ತು ಕೆಯೊಲಿನ್ ಜೇಡಿಮಣ್ಣು ಇವುಗಳ ಮಿಶ್ರಣ. ಯುವಾನ್ ಮತ್ತು ಮಿಂಗ್ ಕಾಲದ ಮಣ್ಣಿನಲ್ಲಿ ಸಣ್ಣ ಕಪ್ಪು ಚುಕ್ಕೆ, ಗಾಳಿಗುಳ್ಳೆಯ ರಂಧ್ರ ಕಾಣುವುದುಂಟು. ಕಾಂಗ್‌ಶಿ ಕಾಲಕ್ಕೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿ, ನುಣುಪಾಗಿ, ತುಂಬ ಬಿಳುಪಾಗಿರುತ್ತದೆ. ಇಂದಿನ ಯಂತ್ರದಲ್ಲಿ ಸೋಸಿದ ಮಣ್ಣಿನ ಅಂಚು ಸೀಮೆಸುಣ್ಣದಷ್ಟು ಬಿಳಿಯಾಗಿ, ಎಲ್ಲಿ ನೋಡಿದರೂ ಒಂದೇ ತೆರನಾಗಿರುತ್ತದೆ.

ಲೇಪ ಮುಗಿದು ಬತ್ತಲೆ ಮಣ್ಣು ಶುರುವಾಗುವ ಗೆರೆಯನ್ನು ಮಸೂರದಡಿ ನಿಧಾನವಾಗಿ ಸುತ್ತಲೂ ನೋಡಬೇಕು. ಹಳೆಯ ಪಾತ್ರೆಗಳಲ್ಲಿ, ಅದರಲ್ಲೂ ಯುವಾನ್ ಮತ್ತು ಮಿಂಗ್ ಕಾಲದವುಗಳಲ್ಲಿ, ಮಣ್ಣಿನೊಳಗಿನ ಕಬ್ಬಿಣದಂಶ ಬೆಂಕಿಗೆ ಮೇಲೆ ಬಂದು ಆ ಗೆರೆಯ ಪಕ್ಕದಲ್ಲಿ ಕಿತ್ತಳೆ-ಕಂದು ಛಾಯೆಯನ್ನು ಬಿಟ್ಟಿರುತ್ತದೆ. ಲೇಪದ ಅಂಚಿನಲ್ಲಿ ಅದು ಗಾಢವಾಗಿದ್ದು, ದೂರ ಸರಿದಂತೆ ತಾನಾಗಿಯೇ ತೆಳುವಾಗುತ್ತ ಮಣ್ಣಿನಲ್ಲಿ ಕರಗಿಹೋಗುತ್ತದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ, ಕೆಲವೆಡೆ ಇಲ್ಲವೇ ಇಲ್ಲ. ನಕಲು ಮಾಡುವವರಿಗೆ ಇದು ಗೊತ್ತಿರುವುದರಿಂದ ಅವರು ಕಬ್ಬಿಣದ ದ್ರಾವಣವನ್ನು ಕುಂಚದಿಂದ ಬಳಿದು ಸುಡುತ್ತಾರೆ. ಬಳಿದ ಬಣ್ಣ ಅಂಚಿನ ಸುತ್ತ ಒಂದೇ ಅಗಲಕ್ಕೆ ಹರಡಿರುತ್ತದೆ, ಕುಂಚ ನಿಂತ ಕಡೆ ಖಚಿತವಾದ ಗಡಿ ಕಾಣುತ್ತದೆ, ಲೇಪದ ಮೇಲೂ ಅಲ್ಲಲ್ಲಿ ಚೆಲ್ಲಿರುತ್ತದೆ. ಚಹಾದ ಕಷಾಯ, ಪೊಟ್ಯಾಸಿಯಂ ಪರ್ಮಾಂಗನೇಟ್, ಬೂಟ್ ಪಾಲಿಷ್ ಇವುಗಳಿಂದ ಬಂದ ‘ಹಳೆಯ ಬಣ್ಣ’ ಒದ್ದೆ ಹತ್ತಿಗೋ ಸ್ವಲ್ಪ ಸ್ಪಿರಿಟ್ಟಿಗೋ ಅಂಟಿ ಬರುವುದುಂಟು. ಮಾರುವವರ ಅನುಮತಿಯಿಲ್ಲದೆ ಹಾಗೆ ಉಜ್ಜಿ ನೋಡಬಾರದು ಎಂಬುದು ಬೇರೆ ಮಾತು.

ಪಾದವನ್ನು ಹೆರೆದಿರುವ ರೀತಿಯಲ್ಲಿಯೂ ಕಾಲದ ಕೈಬರಹವಿದೆ. ತಿಗರಿಯ ಮೇಲೆ ಪಾತ್ರೆ ಅರೆ ಒಣಗಿದ ಮೇಲೆ ಅದನ್ನು ಮಗುಚಿಟ್ಟು ಉಳಿಯಿಂದ ಹೆರೆಯುವಾಗ, ಉಳಿ ನಡುಗಿದರೆ ನಡುಬಿಂದುವಿನಿಂದ ಹೊರಕ್ಕೆ ಚಾಚಿದ ಸಣ್ಣ ಕಿರಣದಂಥ ಗೀರುಗಳು ಮೂಡುತ್ತವೆ. ಮಿಂಗ್ ವಂಶದ ಕೊನೆಯ ಕಾಲದಲ್ಲಿ ರಫ್ತಿಗಾಗಿ ಅವಸರದಲ್ಲಿ ಮಾಡಿದ ತೆಳ್ಳನೆಯ ತಟ್ಟೆಗಳ ಬುಡದಲ್ಲಿ ಲೇಪದಡಿ ಈ ಕಿರಣಗಳು, ಪಾದದಂಚಿಗೆ ಅಂಟಿದ ಆವಿಗೆಯ ಮರಳಿನ ಕಣಗಳು ಸಹಜ. ಅದೇ ಕಾಲದ ಪಾತ್ರೆಗಳ ಬಾಯಂಚಿನಲ್ಲಿ ಲೇಪ ಹುಳು ತಿಂದಂತೆ ಅಲ್ಲಲ್ಲಿ ಉದುರಿರುವುದೂ ಒಂದು ಲಕ್ಷಣ. ಲೇಪವೂ ಮಣ್ಣೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಹೀಗಾಗುತ್ತದೆ. ಯೋಂಗ್‌ಜೆಂಗ್ ಕಾಲದ ಅರಮನೆಯ ಪಾತ್ರೆಯಲ್ಲಿ ಇದ್ಯಾವುದೂ ಇರಕೂಡದು. ಅಲ್ಲಿ ಪಾದದ ಅಂಚು ಹಾವುಮೀನಿನ ಬೆನ್ನಿನಂತೆ ಉರುಟಾಗಿ, ನುಣ್ಣಗೆ ಇರುತ್ತದೆ. ಬೆರಳ ತುದಿಯನ್ನು ಸುತ್ತಲೂ ಓಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಯೋಂಗ್‌ಜೆಂಗ್ ಮುದ್ರೆಯ ಬಟ್ಟಲಿನ ಪಾದ ಒರಟಾಗಿ, ಚೌಕವಾಗಿ ಕತ್ತರಿಸಿದಂತಿದ್ದರೆ ಅಲ್ಲಿಗೆ ಪರಿಶೀಲನೆ ನಿಲ್ಲಿಸಬಹುದು.

ಕಟ್ಟಿದ ರೀತಿ

ಹಳೆಯ ದೊಡ್ಡ ಹೂದಾನಿಗಳನ್ನೂ ಜಾಡಿಗಳನ್ನೂ ಒಂದೇ ಸಲಕ್ಕೆ ತಿಗರಿಯಲ್ಲಿ ಎತ್ತುತ್ತಿರಲಿಲ್ಲ. ಎರಡು-ಮೂರು ಭಾಗಗಳನ್ನು ಬೇರೆ ಬೇರೆ ಮಾಡಿ, ತೆಳು ಮಣ್ಣಿನ ರಾಡಿಯಿಂದ ಒಂದರ ಮೇಲೊಂದು ಕೂಡಿಸುತ್ತಿದ್ದರು. ಹೊರಮೈಯಲ್ಲಿ ಹೆರೆದು ಸರಿಪಡಿಸಿದ್ದರೂ ಒಳಗೆ ಕೈ ಹಾಕಿ ಬೆರಳಾಡಿಸಿದರೆ ಹೊಟ್ಟೆಯ ನಡುಮಟ್ಟದಲ್ಲಿ ಅಡ್ಡಲಾಗಿ ಉಬ್ಬಿದ ಪಟ್ಟಿ ತಗಲುತ್ತದೆ. ಟಾರ್ಚಿನ ಬೆಳಕನ್ನು ಬಾಯಿಯ ಮೂಲಕ ಓರೆಯಾಗಿ ಬಿಟ್ಟರೆ ಅದು ಕಣ್ಣಿಗೂ ಕಾಣುತ್ತದೆ. ಅಗ್ಗದ ಹೊಸ ಹೂದಾನಿಗಳನ್ನು ಪ್ಲಾಸ್ಟರ್ ಅಚ್ಚಿನಲ್ಲಿ ಮಣ್ಣಿನ ರಾಡಿ ಹೊಯ್ದು ತೆಗೆಯುತ್ತಾರೆ. ಅವುಗಳ ಒಳಮೈ ಒಂದೇ ಸಮನಾಗಿ ನುಣುಪಾಗಿದ್ದು, ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇರುತ್ತದೆ, ಕೆಲವೊಮ್ಮೆ ಅಚ್ಚಿನ ಎರಡು ಹೋಳು ಸೇರಿದ ಜಾಗದಲ್ಲಿ ಮೇಲಿನಿಂದ ಕೆಳಕ್ಕೆ ನೇರ ಗೆರೆ ಇರುತ್ತದೆ. ದುಂಡನೆಯ ಹೂದಾನಿಯಲ್ಲಿ ಅಡ್ಡ ಕೂಡುಗೆರೆ ಇದ್ದ ಮಾತ್ರಕ್ಕೆ ಅದು ಹಳತಲ್ಲ; ಆದರೆ ಮಿಂಗ್ ಕಾಲದ್ದೆಂದು ಹೇಳುವ ದುಂಡು ಹೂದಾನಿಯಲ್ಲಿ ಉದ್ದ ಕೂಡುಗೆರೆ ಇದ್ದರೆ ಅದನ್ನು ಮೇಜಿನ ಮೇಲೆ ಇಟ್ಟುಬಿಡಿ.

ತೂಕದ ಬಗ್ಗೆ ಪುಸ್ತಕದಿಂದ ಕಲಿಯುವುದು ಕಷ್ಟ. ಒಳ್ಳೆಯ ಕಾಲದ ಬಟ್ಟಲು ಅಂಚಿನಲ್ಲಿ ತೆಳುವಾಗಿ, ಪಾದದ ಕಡೆ ಕ್ರಮೇಣ ದಪ್ಪವಾಗಿ ಕೈಯಲ್ಲಿ ಸಮತೋಲವಾಗಿ ಕೂರುತ್ತದೆ ಎಂಬಷ್ಟನ್ನು ಮಾತ್ರ ಹೇಳಬಹುದು. ಉಗುರಿನಿಂದ ತಟ್ಟಿ ದನಿ ಕೇಳುವುದರಿಂದ ಬಿರುಕಿದೆಯೇ ಎಂದು ಗೊತ್ತಾಗುತ್ತದೆಯೇ ಹೊರತು ಕಾಲ ಗೊತ್ತಾಗುವುದಿಲ್ಲ.

ಲೇಪ ಮತ್ತು ಅದರೊಳಗಿನ ಗುಳ್ಳೆ

ಹಿಂದೆ ಜಿಂಗ್‌ದೆಝೆನ್‌ನ ಆವಿಗೆಗಳನ್ನು ಪೈನ್ ಮರದ ಕಟ್ಟಿಗೆಯಿಂದ ಉರಿಸುತ್ತಿದ್ದರು. ಉಷ್ಣತೆ ಏರಿಳಿಯುತ್ತ ದೀರ್ಘಕಾಲ ಉರಿಯುವ ಆ ಬೆಂಕಿಯಲ್ಲಿ ಲೇಪದೊಳಗಿನ ಗಾಳಿಗುಳ್ಳೆಗಳು ಕೆಲವು ದೊಡ್ಡದಾಗಿ, ಕೆಲವು ಸಣ್ಣದಾಗಿ, ಗುಂಪುಗುಂಪಾಗಿ ಉಳಿಯುತ್ತವೆ. ಇಂದಿನ ಅನಿಲದ ಆವಿಗೆಗಳಲ್ಲಿ ಅವು ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಸಮವಾಗಿ ಹರಡಿರುತ್ತವೆ. ಇದನ್ನೇ ಅಂತಿಮ ಪರೀಕ್ಷೆಯೆಂದು ನಂಬುವವರು ಬಹಳ ಜನ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಇರಬೇಕಾದುದಕ್ಕಿಂತ ಹೆಚ್ಚಿನ ಮರ್ಯಾದೆ ಸಂದಿದೆ. ಜಿಂಗ್‌ದೆಝೆನ್‌ನಲ್ಲಿ ಇಂದೂ ಕಟ್ಟಿಗೆಯ ಆವಿಗೆಗಳನ್ನು ಮತ್ತೆ ಕಟ್ಟಿ ಉರಿಸುತ್ತಿದ್ದಾರೆ, ಅದರಲ್ಲಿ ಸುಟ್ಟ ಹೊಸ ಬಟ್ಟಲಿನಲ್ಲೂ ಗುಳ್ಳೆಗಳು ಅಸಮವಾಗಿಯೇ ಇರುತ್ತವೆ. ಗುಳ್ಳೆ ಸಮವಾಗಿದ್ದರೆ ಅನುಮಾನ ಪಡಿ. ಅಸಮವಾಗಿದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ, ಅಷ್ಟೆ.

ಲೇಪದ ಬಣ್ಣ ಇದಕ್ಕಿಂತ ಉಪಯುಕ್ತ. ಮಿಂಗ್ ಕಾಲದ ಲೇಪದಲ್ಲಿ ಹಸಿರು ಅಥವಾ ನೀಲಿಯ ತೆಳು ಛಾಯೆ ಇರುತ್ತದೆ, ಪಾದದ ಮೂಲೆಯಲ್ಲಿ ಲೇಪ ದಪ್ಪವಾಗಿ ನಿಂತ ಕಡೆ ಅದು ಚೆನ್ನಾಗಿ ಕಾಣುತ್ತದೆ. ಕಾಂಗ್‌ಶಿ ಪಾತ್ರೆಯ ಬುಡದ ಲೇಪದಲ್ಲಿ ಸೂಜಿಯಿಂದ ಚುಚ್ಚಿದಂಥ ಸಣ್ಣ ಕಂದು ರಂಧ್ರಗಳಿರುವುದು ಸಾಮಾನ್ಯ. ಹೊಸ ಪಾತ್ರೆಯ ಲೇಪ ಕನ್ನಡಿಯಂತೆ ಹೊಳೆಯುವುದರಿಂದ, ಆ ಹೊಳಪನ್ನು ಕೊಲ್ಲಲು ನಕಲುಗಾರರು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಆಮ್ಲ ಎಲ್ಲ ಕಡೆಯೂ ಒಂದೇ ರೀತಿ ತಿನ್ನುತ್ತದೆ: ಯಾರ ಕೈಯೂ ತಾಗದ ಪಾದದ ಒಳಗೋಡೆಯೂ, ಎಲ್ಲರ ಕೈ ತಾಗುವ ಹೊಟ್ಟೆಯೂ ಸಮನಾಗಿ ಮಂಕಾಗಿದ್ದರೆ, ಮಸೂರದಡಿ ಮೇಲ್ಮೈ ತುಂಬ ಒಡೆದ ಗುಳ್ಳೆಗಳ ಕುಳಿಗಳು ಕಂಡರೆ, ಆ ಮಂಕು ವಯಸ್ಸಿನಿಂದ ಬಂದುದಲ್ಲ.

ನೀಲಿ

ಯುವಾನ್ ಮತ್ತು ಮಿಂಗ್ ಆರಂಭದ ಕಾಲದಲ್ಲಿ ಉತ್ತಮ ಪಾತ್ರೆಗಳಿಗೆ ಬಳಸಿದ ಕೋಬಾಲ್ಟ್ ಪಶ್ಚಿಮ ಏಷ್ಯಾದಿಂದ ಬಂದದ್ದು. ಅದರಲ್ಲಿ ಕಬ್ಬಿಣ ಹೆಚ್ಚು, ಮ್ಯಾಂಗನೀಸ್ ಕಡಿಮೆ. ಬಣ್ಣ ದಪ್ಪವಾಗಿ ಶೇಖರವಾದ ಕಡೆಗಳಲ್ಲಿ ಅದು ಕಡುನೀಲಿ-ಕಪ್ಪು ಚುಕ್ಕೆಗಳಾಗಿ ಲೇಪವನ್ನು ಸೀಳಿಕೊಂಡು ಮೇಲೆ ಬಂದು, ಸುಟ್ಟು ತಣ್ಣಗಾದ ಮೇಲೆ ಅಲ್ಲೊಂದು ಸಣ್ಣ ತಗ್ಗಾಗುತ್ತದೆ. ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಆ ಚುಕ್ಕೆಗಳ ಮೇಲೆ ತವರದಂಥ ಲೋಹದ ಮಂಕು ಹೊಳಪು ಕಾಣುತ್ತದೆ. ಬೆರಳ ತುದಿಗೆ ತಗ್ಗು ತಗಲುತ್ತದೆ. ಈ ಚುಕ್ಕೆಗಳನ್ನು ಯಾರೂ ಬರೆದದ್ದಲ್ಲ, ಅವು ಗೆರೆ ದಪ್ಪವಾದಲ್ಲಿ, ಕುಂಚ ತಿರುಗಿದಲ್ಲಿ, ಎರಡು ಗೆರೆ ಕೂಡಿದಲ್ಲಿ ಹುಟ್ಟಿಕೊಂಡವು. ಯೋಂಗ್‌ಜೆಂಗ್ ಮತ್ತು ಚಿಯೆನ್‌ಲಾಂಗ್ ಕಾಲದ ಕುಶಲಕರ್ಮಿಗಳು ಅದನ್ನು ಅನುಕರಿಸಲು ಬರೆದ ಎಲೆಯ ಮೇಲೆ ಕುಂಚದ ತುದಿಯಿಂದ ಬೇರೆಯಾಗಿ ಚುಕ್ಕೆ ಇಟ್ಟರು. ಆ ಚುಕ್ಕೆಗಳು ಒಂದರ ಪಕ್ಕ ಒಂದು ಅಂತರ ಕಾಯ್ದುಕೊಂಡು, ಲೇಪದ ಕೆಳಗೇ ಉಳಿದು, ಅಲಂಕಾರದಂತೆ ಕಾಣುತ್ತವೆ. ಈ ಒಂದು ವ್ಯತ್ಯಾಸವನ್ನು ವಸ್ತುಸಂಗ್ರಹಾಲಯದ ಗಾಜಿನ ಮುಂದೆ ನಿಂತು ಕಣ್ಣಿಗೆ ರೂಢಿ ಮಾಡಿಕೊಂಡವರಿಗೆ ಅರ್ಧ ವಿದ್ಯೆ ದಕ್ಕಿದಂತೆ.

ಚೆಂಗ್‌ಹ್ವಾ ಕಾಲಕ್ಕೆ ಚೀನಾದ್ದೇ ಕೋಬಾಲ್ಟ್ ಬಳಕೆಗೆ ಬಂದು, ನೀಲಿ ತೆಳುವಾಗಿ, ಸೌಮ್ಯವಾಗಿ, ಚುಕ್ಕೆಯಿಲ್ಲದೆ ಹರಡಿತು. ಜಿಯಾಜಿಂಗ್ ಕಾಲದಲ್ಲಿ ಅದು ನೇರಳೆಯ ಕಡೆ ವಾಲಿದ ಗಾಢ ನೀಲಿ. ಕಾಂಗ್‌ಶಿ ಕಾಲದಲ್ಲಿ ಶುದ್ಧ ನೀಲಮಣಿಯ ಬಣ್ಣ. ಒಂದೇ ಬಣ್ಣವನ್ನು ನೀರಿನ ಪ್ರಮಾಣ ಬದಲಿಸಿ ಹಲವು ಛಾಯೆಗಳಲ್ಲಿ ತೊಳೆದು, ಬೆಟ್ಟದ ಹತ್ತಿರದ ಮುಖ ಕಡುವಾಗಿ, ದೂರದ ಮುಖ ತಿಳಿಯಾಗಿ ತೋರಿಸುವುದು ಆ ಕಾಲದ ಹೆಗ್ಗಳಿಕೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಕಾರ್ಖಾನೆಯಲ್ಲಿ ತಯಾರಾದ ಕೋಬಾಲ್ಟ್ ಬಂತು. ಅದರ ನೀಲಿ ಆಳವಿಲ್ಲದೆ, ಚುಚ್ಚುವಂತೆ, ಎಲ್ಲ ಕಡೆ ಒಂದೇ ಮಟ್ಟದಲ್ಲಿರುತ್ತದೆ. ಅಂಥ ನೀಲಿಯಲ್ಲಿ ಬರೆದ ಶ್ವಾಂದೆ ಮುದ್ರೆ ತನ್ನ ಸುಳ್ಳನ್ನು ತಾನೇ ಸಾರುತ್ತದೆ.

ನೀಲಿಯ ಜೊತೆ ಲೇಪದ ಮೇಲೆ ಬೇರೆ ಬಣ್ಣಗಳೂ ಇದ್ದರೆ ಇನ್ನೊಂದು ಸರಳ ಪರೀಕ್ಷೆ ಸಿಗುತ್ತದೆ. ಚಿನ್ನದ ಸೂಕ್ಷ್ಮ ಕಣಗಳಿಂದ ಬರುವ ಗುಲಾಬಿ ಬಣ್ಣ ಚೀನೀ ಪಿಂಗಾಣಿಗೆ ಬಂದದ್ದು ಕಾಂಗ್‌ಶಿ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, 1720ರ ಸುಮಾರಿಗೆ. ಆದ್ದರಿಂದ ಮಿಂಗ್ ಕಾಲದ್ದೆನ್ನುವ ತಟ್ಟೆಯಲ್ಲಿ ಗುಲಾಬಿ ಹೂವಿನ ದಳ ಆ ಬಣ್ಣದಲ್ಲಿದ್ದರೆ ಬೇರೆ ಯಾವ ವಾದವೂ ಬೇಕಿಲ್ಲ.

ಚಿತ್ರ

ದಾಂತ್ರೆಕೋಲ್‌ನ ಪತ್ರಗಳ ಪ್ರಕಾರ ಒಂದು ಪಾತ್ರೆ ಎಪ್ಪತ್ತು ಕೈ ದಾಟುತ್ತಿತ್ತು. ಅಂಚಿನ ವೃತ್ತ ಎಳೆಯುವವನಿಗೆ ಅದೊಂದೇ ಕೆಲಸ, ಹೂವಿನ ಹೊರಗೆರೆ ಬರೆಯುವವನು ಬೇರೆ, ಒಳಗೆ ಬಣ್ಣ ತುಂಬುವವನು ಬೇರೆ. ಜೀವಮಾನವಿಡೀ ಒಂದೇ ಬಗೆಯ ಗೆರೆ ಎಳೆದ ಕೈಯ ಗೆರೆಗೆ ವೇಗವಿರುತ್ತದೆ. ಅದು ಆರಂಭದಲ್ಲಿ ತುಂಬಿ, ಕೊನೆಯಲ್ಲಿ ಚೂಪಾಗುತ್ತದೆ. ಮಾದರಿಯನ್ನು ಮುಂದಿಟ್ಟುಕೊಂಡು ನಕಲು ಮಾಡುವವನು ತಪ್ಪಿಗೆ ಹೆದರಿ ನಿಧಾನವಾಗಿ ಎಳೆಯುವುದರಿಂದ ಗೆರೆಯ ದಪ್ಪ ಒಂದೇ ಇರುತ್ತದೆ, ತಿರುವುಗಳಲ್ಲಿ ಕುಂಚ ನಿಂತು ಬಣ್ಣ ಗಟ್ಟಿಯಾಗಿರುತ್ತದೆ. ಡ್ರ್ಯಾಗನ್ನಿನ ಉಗುರು ಮತ್ತು ಕಣ್ಣು, ಮನುಷ್ಯರ ಬೆರಳು, ಅಂಚಿನ ಅಲೆಗಳ ನೊರೆ ಈ ಮೂರು ಜಾಗಗಳಲ್ಲಿ ಇಂಥ ಅಂಜಿಕೆ ಬೇಗ ಬಯಲಾಗುತ್ತದೆ.

ಕುಂಚದ ಗೆರೆಯೇ ಇಲ್ಲದೆ ಅಚ್ಚೊತ್ತಿದ ಚಿತ್ರವೂ ಇರಬಹುದು. ಮಸೂರದಡಿ ನೀಲಿ ಪ್ರದೇಶವೆಲ್ಲ ಸಣ್ಣ ಚುಕ್ಕೆಗಳಾಗಿ ಒಡೆದರೆ, ಅಂಚಿನ ಪಟ್ಟಿಯ ವಿನ್ಯಾಸ ಒಂದು ಕಡೆ ಸರಿಯಾಗಿ ಕೂಡದೆ ತುಂಡಾಗಿದ್ದರೆ, ಅದು ಕಾಗದದಿಂದ ವರ್ಗಾಯಿಸಿದ್ದು. ಮಲೆನಾಡು, ಕೊಡಗಿನ ಹಳೆಯ ತೋಟದ ಬಂಗಲೆಗಳ ಸಾಮಾನು ಮಾರಾಟಕ್ಕೆ ಬಂದಾಗ ಸೇತುವೆ, ವಿಲೋ ಮರ, ಎರಡು ಹಕ್ಕಿಗಳಿರುವ ನೀಲಿ ತಟ್ಟೆ ಸಿಕ್ಕಿದರೆ ಮೊದಲು ಈ ಪರೀಕ್ಷೆ ಮಾಡಿ. ಆ ವಿನ್ಯಾಸ 18ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು, ತಟ್ಟೆಯೂ ಹೆಚ್ಚಾಗಿ ಅಲ್ಲಿಯದೇ.

ಸವೆತ

ನಿಜವಾದ ಸವೆತಕ್ಕೆ ಕಾರಣವಿರುತ್ತದೆ. ಪಾದದಂಚಿನ ಎತ್ತರದ ಭಾಗ ಮೇಜಿಗೆ ತಾಗಿ ನುಣುಪಾಗಿ, ಅದರೊಳಗೆ ಕೊಳೆ ಆಳಕ್ಕೆ ಇಳಿದಿರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳ ಒಳಗೆ ಮೇಲಿನ ತಟ್ಟೆಯ ಪಾದದಳತೆಗೆ ಸರಿಯಾಗಿ ವೃತ್ತಾಕಾರದ ಗೀರುಗಳಿರುತ್ತವೆ. ಬಟ್ಟಲಿನ ಒಳತಳದ ಗೀರುಗಳು ಎಲ್ಲ ದಿಕ್ಕಿಗೂ ಓಡುತ್ತವೆ. ಕೆಲವು ಆಳ, ಕೆಲವು ಮೇಲ್ಮೇಲೆ, ಕೆಲವು ಹಳೆಯವಾಗಿ ಕಪ್ಪಾಗಿ, ಕೆಲವು ಈಚಿನವಾಗಿ ಬೆಳ್ಳಗೆ. ಸ್ಯಾಂಡ್‌ಪೇಪರಿನಿಂದ ಮಾಡಿದ ಗೀರುಗಳು ಒಂದೇ ಆಳ, ಒಂದೇ ದಿಕ್ಕು, ಒಂದೇ ವಯಸ್ಸು. ಯಾರೂ ಮುಟ್ಟಲಾರದ ಜಾಗದಲ್ಲಿ ಸವೆತವಿದ್ದು, ಮುಟ್ಟಲೇಬೇಕಾದ ಜಾಗದಲ್ಲಿ ಇಲ್ಲದಿದ್ದರೆ ಎಚ್ಚರ. ಸವೆತವೇ ಇಲ್ಲದಿರುವುದು ಮಾತ್ರ ದೋಷವಲ್ಲ. ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಟ್ಟು ಶತಮಾನ ಕಳೆದ ಪಾತ್ರೆಗಳೂ ಉಂಟು. ಅತಿನೇರಳೆ ದೀಪದಡಿ ಕೆಲವು ಭಾಗ ಬೇರೆ ಬಣ್ಣದಲ್ಲಿ ಹೊಳೆದರೆ ಅಲ್ಲಿ ಅಂಟು ಅಥವಾ ಹೊಸ ಬಣ್ಣದ ರಿಪೇರಿಯಿದೆ. ಪಾದದ ಸುತ್ತಲೂ ಹೀಗೆ ಹೊಳೆದರೆ ಹಳೆಯ ಪಾತ್ರೆಯ ಮುರಿದ ಬುಡಕ್ಕೆ ಹೊಸ ಮೈ ಜೋಡಿಸಿದ್ದಾರೆಂಬ ಶಂಕೆಗೆ ಆಸ್ಪದವಿದೆ.

ಕೊನೆಗೆ ಮುದ್ರೆ

ಆರು ಅಕ್ಷರಗಳ ಮುದ್ರೆಯನ್ನು ಬಲಗಡೆಯ ಸಾಲಿನಿಂದ, ಮೇಲಿನಿಂದ ಕೆಳಕ್ಕೆ ಓದಬೇಕು. ಮೊದಲೆರಡು ಅಕ್ಷರ ವಂಶವನ್ನು ಹೇಳುತ್ತವೆ: ‘ದಾ ಮಿಂಗ್’ ಅಥವಾ ‘ದಾ ಚಿಂಗ್’, ಅಂದರೆ ಮಹಾ ಮಿಂಗ್, ಮಹಾ ಚಿಂಗ್. ನಡುವಿನ ಎರಡು ಚಕ್ರವರ್ತಿಯ ಆಳ್ವಿಕೆಯ ಹೆಸರು. ಕೊನೆಯ ಎರಡು, ‘ನ್ಯೆನ್ ಝಿ’, ಆ ಕಾಲದಲ್ಲಿ ಮಾಡಿದ್ದು ಎಂದು. ನಾಲ್ಕೇ ಅಕ್ಷರವಿದ್ದರೆ ವಂಶದ ಹೆಸರು ಬಿಟ್ಟಿದ್ದಾರೆಂದು ತಿಳಿಯಬೇಕು. ಚಿಯೆನ್‌ಲಾಂಗ್ ಕಾಲದಲ್ಲಿ ಹೆಚ್ಚಾಗಿ ಮೊಹರಿನಂಥ ಚೌಕಾಕಾರದ ಲಿಪಿಯನ್ನು ಬಳಸಿದರು. ಕಾಂಗ್‌ಶಿ ಕಾಲದಲ್ಲಿ ಸಾಮಾನ್ಯ ಬರವಣಿಗೆಯ ಲಿಪಿ.

ಇಲ್ಲಿ ಬಹಳ ಜನ ಜಾರುವ ಒಂದು ಸಂಗತಿಯಿದೆ. 1677ರಲ್ಲಿ ಸ್ಥಳೀಯ ಅಧಿಕಾರಿಯೊಬ್ಬನು, ಒಡೆದು ಕಸಕ್ಕೆ ಹೋಗುವ ಪಾತ್ರೆಯ ಮೇಲೆ ಚಕ್ರವರ್ತಿಯ ಹೆಸರಿರುವುದು ಅಗೌರವವೆಂದು ಅದರ ಬಳಕೆಯನ್ನು ನಿಷೇಧಿಸಿದ. ಪರಿಣಾಮವಾಗಿ ಕಾಂಗ್‌ಶಿ ಕಾಲದ ಎಷ್ಟೋ ಉತ್ತಮ ಪಾತ್ರೆಗಳ ಬುಡದಲ್ಲಿ ಕಾಂಗ್‌ಶಿ ಹೆಸರಿಲ್ಲ. ಬರಿಯ ಎರಡು ನೀಲಿ ವೃತ್ತ, ಒಂದು ಎಲೆ, ಒಂದು ಕಮಲ, ಇಲ್ಲವೇ ಹಳೆಯ ಶ್ವಾಂದೆ, ಚೆಂಗ್‌ಹ್ವಾ ಮುದ್ರೆ ಇದೆ. ಅದಕ್ಕೆ ಬದಲು, ನಾಲ್ಕು ಅಕ್ಷರದ ಕಾಂಗ್‌ಶಿ ಮುದ್ರೆಯಿರುವ ನೀಲಿ-ಬಿಳಿ ಹೂದಾನಿಗಳಲ್ಲಿ ಹೆಚ್ಚಿನವು 19ನೆಯ ಶತಮಾನದ ಕೊನೆಯವು, ಗ್ವಾಂಗ್‌ಶು ಕಾಲದವು. ಹೀಗೆ ಚೆಂಗ್‌ಹ್ವಾ ಮುದ್ರೆ ಕಾಂಗ್‌ಶಿ ಕಾಲವನ್ನೂ, ಕಾಂಗ್‌ಶಿ ಮುದ್ರೆ ಗ್ವಾಂಗ್‌ಶು ಕಾಲವನ್ನೂ ಸೂಚಿಸುವ ಸಂಭವವಿದೆ. ನಿಜವಾದ ಚೆಂಗ್‌ಹ್ವಾ ಪಾತ್ರೆಗಳ ಬೆಲೆ ಎಷ್ಟೆಂದರೆ, ಆ ಕಾಲದ ಕೋಳಿ ಚಿತ್ರದ ಪುಟ್ಟ ಬಟ್ಟಲೊಂದು 2014ರ ಹಾಂಗ್‌ಕಾಂಗ್ ಹರಾಜಿನಲ್ಲಿ 28 ಕೋಟಿ ಹಾಂಗ್‌ಕಾಂಗ್ ಡಾಲರ್ ದಾಟಿತು. ಅದರ ನಕಲುಗಳು ಪ್ರವಾಸಿ ಅಂಗಡಿಗಳಲ್ಲಿ ಸಾಲಾಗಿ ಕೂತಿರುತ್ತವೆ.

ಇಂಗ್ಲಿಷ್ ಅಕ್ಷರಗಳಿದ್ದರೆ ಕೆಲಸ ಸುಲಭ. ಆಮದು ಸರಕಿನ ಮೇಲೆ ಮೂಲದೇಶದ ಹೆಸರಿರಬೇಕೆಂಬ ಅಮೆರಿಕದ ಕಾನೂನು 1891ರಲ್ಲಿ ಜಾರಿಗೆ ಬಂದುದರಿಂದ ‘ಚೈನಾ’ ಎಂಬ ಒತ್ತುಮುದ್ರೆಯಿರುವ ಪಾತ್ರೆ ಸಾಮಾನ್ಯವಾಗಿ ಅದರ ಈಚಿನದು. ‘ಮೇಡ್ ಇನ್ ಚೈನಾ’ ಎಂದಿದ್ದರೆ ಇನ್ನೂ ಈಚಿನದು.

ಪ್ರಯೋಗಾಲಯ

ಎಕ್ಸ್-ಕಿರಣ ಪ್ರತಿದೀಪ್ತಿ ವಿಧಾನದಿಂದ ಪಾತ್ರೆಗೆ ಹಾನಿಯಿಲ್ಲದೆ ನೀಲಿಯೊಳಗಿನ ಮ್ಯಾಂಗನೀಸ್ ಮತ್ತು ಕಬ್ಬಿಣದ ಪ್ರಮಾಣ ತಿಳಿಯಬಹುದು. ಮ್ಯಾಂಗನೀಸ್ ಹೇರಳವಾಗಿರುವ ನೀಲಿಯ ಯುವಾನ್ ಹೂದಾನಿಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ. ಉಷ್ಣದೀಪ್ತಿ ಪರೀಕ್ಷೆ ಮಣ್ಣು ಕೊನೆಯ ಬಾರಿ ಸುಟ್ಟು ಎಷ್ಟು ಕಾಲವಾಯಿತೆಂದು ಅಂದಾಜಿಸುತ್ತದೆ, ಆದರೆ ಅದಕ್ಕೆ ಪಾದದಿಂದ ಸಣ್ಣ ತುಣುಕನ್ನು ಕೊರೆದು ತೆಗೆಯಬೇಕು. ತುಣುಕು ತೆಗೆದ ಬುಡವೇ ಹಳೆಯದಾಗಿ ಮೇಲಿನದು ಹೊಸದಾಗಿದ್ದರೆ, ಅಥವಾ ಪಾತ್ರೆಗೆ ಮೊದಲೇ ವಿಕಿರಣ ಹಾಯಿಸಿದ್ದರೆ, ಫಲಿತಾಂಶ ದಾರಿ ತಪ್ಪಿಸುತ್ತದೆ. ಮಾರುವವನು ತಾನೇ ತಂದು ತೋರಿಸುವ ಪ್ರಮಾಣಪತ್ರ ಆ ಪಾತ್ರೆಯದ್ದೇ ಎಂಬುದಕ್ಕೂ ಖಾತರಿ ಬೇಕು.

ಪ್ರಯೋಗಾಲಯಕ್ಕಿಂತ ಮೊದಲು ಕಣ್ಣಿಗೆ ಶಿಕ್ಷಣ ಕೊಡುವುದು ಅಗ್ಗ. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನೀ ಪಿಂಗಾಣಿಯ ಸಂಗ್ರಹವಿದೆ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಯುವಾನ್ ನೀಲಿ-ಬಿಳಿ ಪಾತ್ರೆಗಳ ಚೂರುಗಳು ದೊರೆತಿವೆ. ನಮ್ಮ ಹಂಪಿಯ ಉತ್ಖನನಗಳಲ್ಲೂ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಒಡೆದ ಚೂರಿನ ಅಡ್ಡಸೀಳಿನಲ್ಲಿ ಮಣ್ಣು, ಲೇಪ, ನೀಲಿ ಮೂರೂ ಒಟ್ಟಿಗೆ ಕಾಣುವುದರಿಂದ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ, ಆದರೆ ಸಂರಕ್ಷಿತ ಸ್ಥಳದಿಂದ ಚೂರು ಹೆಕ್ಕಿ ಜೇಬಿಗಿಳಿಸುವುದು ಅಪರಾಧ. ಕೊಳ್ಳಲೇಬೇಕೆನ್ನುವವರಿಗೆ ಮುಳುಗಿದ ಹಡಗುಗಳಿಂದ ತೆಗೆದ ಸರಕು ಉಪಯುಕ್ತ: ಡಚ್ಚರ ಗೆಲ್ಡರ್‌ಮಾಲ್ಸನ್ ಹಡಗು 1752ರ ಜನವರಿಯಲ್ಲಿಯೂ, ಚೀನಾದ ಟೆಕ್ ಸಿಂಗ್ ಹಡಗು 1822ರಲ್ಲಿಯೂ ಮುಳುಗಿದ್ದರಿಂದ ಅವುಗಳ ಪಾತ್ರೆಗಳ ಕಾಲ ಖಚಿತವಾಗಿದೆ. ಚಿಪ್ಪು, ಹವಳವನ್ನು ಅಂಟಿನಿಂದ ಮೆತ್ತಿದ ‘ಸಮುದ್ರದ ಪಾತ್ರೆ’ಗಳೂ ಮಾರಾಟಕ್ಕಿವೆ ಎಂಬುದನ್ನು ನೆನಪಿಡಿ.

ಕಾಗದಪತ್ರ

ಎಷ್ಟು ನೋಡಿದರೂ ಒಮ್ಮತ ಬಾರದ ಪಾತ್ರೆಗಳಿರುತ್ತವೆ. 2022ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಫಾಂಟೆನ್‌ಬ್ಲೊ ಪಟ್ಟಣದ ಹರಾಜಿನಲ್ಲಿ, 20ನೆಯ ಶತಮಾನದ್ದೆಂದು ಗುರುತಿಸಿ ಸುಮಾರು 2,000 ಯೂರೊ ಅಂದಾಜು ಕಟ್ಟಿದ್ದ ನೀಲಿ-ಬಿಳಿ ಹೂದಾನಿಯೊಂದನ್ನು, ಅದು 18ನೆಯ ಶತಮಾನದ್ದೆಂದು ನಂಬಿದವರು ಪೈಪೋಟಿಯಿಂದ 77 ಲಕ್ಷ ಯೂರೊಗೆ ಕೂಗಿದರು. ಹಾಗಾಗಿ ಪಾತ್ರೆ ಎಲ್ಲಿಂದ ಬಂತು, ಯಾರ ಬಳಿ ಇತ್ತು ಎಂಬ ದಾಖಲೆಗೆ ಬೆಲೆ: ಹಳೆಯ ಖರೀದಿ ರಸೀದಿ, ಹರಾಜಿನ ಕ್ಯಾಟಲಾಗು, ಮನೆಯ ಹಳೆಯ ಛಾಯಾಚಿತ್ರದಲ್ಲಿ ಅದೇ ಪಾತ್ರೆ. ‘ಮೊನ್ನೆ ತಾನೇ ಚೀನಾದ ಹಳ್ಳಿಯ ಮನೆಯಿಂದ ಬಂತು’ ಎಂಬ ಮಾತು ದಾಖಲೆಯಲ್ಲ. ಚೀನಾ ಸಾಮಾನ್ಯವಾಗಿ 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ಹೊರಗೊಯ್ಯಲು ಬಿಡುವುದಿಲ್ಲವಾದ್ದರಿಂದ ಅಂಥ ಪಾತ್ರೆ ಒಂದೋ ಹೊಸದು, ಇಲ್ಲವೇ ಕಳ್ಳಸಾಗಣೆಯದು. ಚೀನಾದಿಂದ ಅಧಿಕೃತವಾಗಿ ಹೊರಬಂದ ಹಳೆಯ ವಸ್ತುಗಳ ಮೇಲಿರುವ ಕೆಂಪು ಅರಗಿನ ಮುದ್ರೆಗೂ ನಕಲು ಹುಟ್ಟಿದೆ.

ಬಿಲ್ಲಿನಲ್ಲಿ ಏನು ಬರೆದಿದೆ ಎಂಬುದನ್ನು ಹಣ ಕೊಡುವ ಮೊದಲು ಓದಿ. ‘ಕಾಂಗ್‌ಶಿ ಮುದ್ರೆ’ ಎಂದು ಮಾತ್ರ ಇದ್ದರೆ ಮುದ್ರೆ ಇದೆಯೆಂದಷ್ಟೇ ಅರ್ಥ, ‘ಕಾಂಗ್‌ಶಿ ಶೈಲಿ’ ಎಂದರೆ ಅದು ಆ ಕಾಲದ್ದಲ್ಲವೆಂದು ಮಾರುವವನೇ ಒಪ್ಪಿಕೊಂಡಂತೆ. ‘ಕಾಂಗ್‌ಶಿ ಮುದ್ರೆ ಮತ್ತು ಅದೇ ಕಾಲ’ ಎಂದು ಬರೆಸಿಕೊಂಡು, ಇಂತಿಷ್ಟು ದಿನಗಳಲ್ಲಿ ತಜ್ಞರು ಬೇರೆ ಕಾಲವೆಂದರೆ ಹಣ ಮರಳಿಸುವ ಷರತ್ತನ್ನೂ ಸೇರಿಸಿಕೊಳ್ಳಿ. ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಊರಿನ ಮನೆಯ ಹಳೆಯ ಪಾತ್ರೆಯನ್ನು ಜೊತೆಗೊಯ್ಯುವ ಮೊದಲು ಇನ್ನೊಂದನ್ನು ಗಮನಿಸಬೇಕು: 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ಸಂಪತ್ತು ಕಾಯಿದೆಯ ಪ್ರಕಾರ ನೂರು ವರ್ಷ ತುಂಬಿದ ಪ್ರಾಚೀನ ವಸ್ತುವನ್ನು ಖಾಸಗಿ ವ್ಯಕ್ತಿಗಳು ಭಾರತದಿಂದ ಹೊರಗೆ ಕಳುಹಿಸುವಂತಿಲ್ಲ. ಪಾತ್ರೆ ಅಷ್ಟು ಹಳೆಯದಲ್ಲವೆಂದು ತೋರಿದರೆ, ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮುಂದೆ ವಾದ ಮಾಡುವ ಬದಲು, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ಮೊದಲೇ ಅರ್ಜಿ ಹಾಕಿ, ಅದು ಪ್ರಾಚೀನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆದುಕೊಳ್ಳಬೇಕು.